ಸೈಕಲ್‌ಗೆ ಗೀರು ಬಿದ್ದಿಲ್ಲ, ಸೈಕಲ್ಲೇ ಇಲ್ಲ

ಬ್ರಿಟನ್ನಿನವರ ವಿಮೆ ಕ್ಲೇಮ್ ಕರೆಗಳನ್ನು ಬೆಂಗಳೂರಲ್ಲಿ ಕೂತು ತಗೊಳ್ಳುವ ಕೆಲಸ ನನ್ನದು. ಅಲ್ಲಿ ಬೆಳಿಗ್ಗೆ 9 ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಊಟ ಮುಗಿಸಿ ಕ್ಯಾಬ್ ಹತ್ತಿದರೆ ಸಾಕು.

ಸೇರಿದ ಎರಡನೇ ತಿಂಗಳು ಯಾರ್ಕ್‌ಶೈರ್ ಕಡೆಯ ಅಜ್ಜಿಯೊಬ್ಬರು ಫೋನ್ ಮಾಡಿದರು. "ಮೈ ಬೈಕ್ಸ್ ಬೀನ್ ನಿಕ್ಡ್, ಲವ್" ಅಂದರು. ಆ ಕಡೆ ಗುರುತಿಲ್ಲದವರನ್ನೂ 'ಲವ್' ಅಂತ ಕರೀತಾರೆ, ನಮ್ಮಲ್ಲಿ ಹಿರಿಯರು 'ಮಗಾ' ಅಂದ ಹಾಗೆ. ಅದು ಟ್ರೈನಿಂಗಲ್ಲೇ ಗೊತ್ತಾಗಿತ್ತು. ಬೈಕ್ ಅಂದರೆ ಸೈಕಲ್ ಅನ್ನೋದೂ ಗೊತ್ತಿತ್ತು. ನಿಕ್? ಅದೂ ಗೊತ್ತಿರುವ ಪದವೇ. ಎಡವಟ್ಟಾಗಿದ್ದು ಅಲ್ಲೇ.

ನಾನು ಕ್ರಿಕೆಟ್ ಕಾಮೆಂಟರಿ ಕೇಳಿ ಇಂಗ್ಲಿಷ್ ಕಲಿತವನು. ಚೆಂಡು ಬ್ಯಾಟಿನ ಅಂಚು ಸವರಿ ಕೀಪರ್ ಕೈ ಸೇರಿದರೆ ನಿಕ್. ಗಡ್ಡ ಕೆರೆಯುವಾಗ ಬ್ಲೇಡ್ ತಾಗಿದರೂ ನಿಕ್. ಹಾಗಾದರೆ ಸೈಕಲ್‌ಗೂ ಏನೋ ತಾಗಿ ಗೀರು ಬಿದ್ದಿದೆ ಅಂದುಕೊಂಡೆ. 'ಆಕಸ್ಮಿಕ ಹಾನಿ' ಅನ್ನುವ ಕಡೆ ಟಿಕ್ ಹಾಕಿದೆ. ಹಾನಿಯಾದ ಜಾಗದ ಫೋಟೊ ಕಳಿಸಿ ಅಂತ ಅಜ್ಜಿಗೆ ಮೇಲ್ ಹೋಯಿತು.

ಮೂರನೇ ದಿನ ಫೋಟೊ ಬಂತು. ಖಾಲಿ ಶೆಡ್ಡಿನದು. ಜೊತೆಗೆ ಒಂದೇ ಸಾಲು: ಇಲ್ಲಿ ಇತ್ತು.

ಟೀಮ್ ಲೀಡ್ ಮೇಡಂ ಕರೆದು ರೆಕಾರ್ಡಿಂಗ್ ಹಾಕಿದರು. "ಅಲ್ಲಪ್ಪಾ, ನಿಕ್ ಅಂದ್ರೆ ಇಲ್ಲಿ ಕದಿಯೋದು. ಎಗರಿಸಿಬಿಟ್ರು ಅಂತೀವಲ್ಲ, ಅದು." ಅಮೆರಿಕದ ಕರೆ ತಗೊಳ್ಳುವ ಪಕ್ಕದ ಸಾಲಿನವರಿಗೆ ಇದು ಹೊಸ ಸುದ್ದಿ. ಅಲ್ಲಿ ನಿಕ್ ಅಂದರೆ ಸಾಮಾನ್ಯವಾಗಿ ಗೀರೇ. ಅವತ್ತು ಇಡೀ ಫ್ಲೋರ್ ನನ್ನನ್ನು ನೋಡಿ ನಕ್ಕಿತು. ನಾನೇ ಅಜ್ಜಿಗೆ ಫೋನ್ ಮಾಡಿ, ಕ್ಷಮೆ ಕೇಳಿ, ಪೊಲೀಸರು ಕೊಟ್ಟ ಕ್ರೈಮ್ ರೆಫರೆನ್ಸ್ ನಂಬರ್ ಬರೆದುಕೊಂಡೆ. ಕಳ್ಳತನದ ಕ್ಲೇಮಿಗೆ ನಾವು ಮೊದಲು ಕೇಳಬೇಕಾದ್ದೇ ಅದು.

ಮೇಡಂ ಹೇಳಿದ 'ಎಗರಿಸು' ತಲೆಯಲ್ಲಿ ಉಳಿಯಿತು. ನಮ್ಮಲ್ಲೂ ಕದಿ, ಎಗರಿಸು, ಲಪಟಾಯಿಸು, ಹೊಡ್ಕೊಂಡು ಹೋಗು ಎಲ್ಲ ಒಂದೇ ಕೆಲಸ. ಆದರೆ ಕಂಪ್ಲೇಂಟಲ್ಲಿ 'ನನ್ನ ಮೊಬೈಲ್ ಲಪಟಾಯಿಸಿದ್ದಾರೆ' ಅಂತ ಯಾರೂ ಬರೆಯಲ್ಲ, ಅಲ್ವಾ? ಇಷ್ಟು ಗೊತ್ತಿದ್ದೂ ನಾನು ಮತ್ತೆ ಬಿದ್ದೆ. ಪದ ಕಲಿತ ಹುರುಪಲ್ಲಿ ಇನ್ನೊಬ್ಬರಿಗೆ 'ನಿಮ್ಮ ಲ್ಯಾಪ್‌ಟಾಪ್ ನಿಕ್ಡ್ ಆಗಿರುವುದು ತಿಳಿಯಿತು' ಅಂತ ಮೇಲ್ ಬರೆದೆ. ನಮ್ಮ ಕರೆ, ಮೇಲ್‌ಗಳನ್ನು ತಪಾಸಣೆ ಮಾಡುವ ಕ್ವಾಲಿಟಿಯವರು ಅಂಕ ಕತ್ತರಿಸಿದರು. ವಸ್ತು ಕಳಕೊಂಡವರು ಹಾಗೆ ಅನ್ನಬಹುದು. ವಿಮೆಯವರು 'ಸ್ಟೋಲನ್' ಅನ್ನಬೇಕು.

ಇದರ ಬಳಗ ದೊಡ್ಡದು. ಪಿಂಚ್ ಅಂದರೆ ಚಿವುಟುವುದು, ಕದಿಯುವುದೂ ಹೌದು. ತಟ್ಟೆಯಿಂದ ಚಿಪ್ಸ್ ತೆಗೆದರೂ ಪಿಂಚ್, ಕಾರು ಹೊತ್ತುಕೊಂಡು ಹೋದರೂ ಪಿಂಚ್. ಸ್ವೈಪ್ ಇನ್ನೂ ಕಿಲಾಡಿ. "ನನ್ನ ಕಾರ್ಡ್ ಯಾರೋ ಸ್ವೈಪ್ ಮಾಡಿದ್ರು" ಅಂದರೆ ಮೆಷಿನ್‌ನಲ್ಲಿ ಉಜ್ಜಿದರೋ, ಟೇಬಲ್ ಮೇಲಿಂದ ಎತ್ತಿಕೊಂಡು ಹೋದರೋ? ಈಗ ಇಂಥ ಕಡೆ ನಾನು ಒಂದೇ ಪ್ರಶ್ನೆ ಕೇಳ್ತೀನಿ: ಅದು ಈಗ ನಿಮ್ಮ ಹತ್ತಿರ ಇದೆಯಾ?

ನಿಕ್‌ಗೂ ಬೇರೆ ಮುಖಗಳಿವೆ. ವಸ್ತು ನಿಕ್ಡ್ ಆದರೆ ಕಳುವು, ಮನುಷ್ಯ ನಿಕ್ಡ್ ಆದರೆ ಅರೆಸ್ಟು. 'ಇನ್ ಗುಡ್ ನಿಕ್' ಅಂದರೆ ವಸ್ತು ಚೆನ್ನಾಗಿದೆ ಅಂತ. ಒಬ್ಬ ಪುಣ್ಯಾತ್ಮ ಒಂದೇ ಉಸಿರಲ್ಲಿ ಮೂರನ್ನೂ ಹೇಳಿದ: ಗಾಡಿ ಗುಡ್ ನಿಕ್‌ನಲ್ಲಿತ್ತು, ನಿಕ್ ಆಯ್ತು, ನಿಕ್ ಮಾಡಿದವನೂ ನಿಕ್ ಆದ. ಫೋನ್ ಮ್ಯೂಟ್ ಮಾಡಿ ಎರಡು ಸೆಕೆಂಡ್ ಕಣ್ಣು ಮುಚ್ಚಿಕೊಂಡೆ.

ನಿಜವಾಗಿ ದುಡ್ಡಿನ ಲೆಕ್ಕ ತಪ್ಪಿಸುವ ಪದ ಮಾತ್ರ ರಾಬ್. ರಜೆ ಮುಗಿಸಿ ಬಂದು ಬೀಗ ಒಡೆದದ್ದು ನೋಡಿದವರೂ "ವಿ ಹ್ಯಾವ್ ಬೀನ್ ರಾಬ್ಡ್" ಅಂತಾರೆ. ಇಂಗ್ಲೆಂಡಿನ 1968ರ ಕಳ್ಳತನದ ಕಾಯ್ದೆ ಪ್ರಕಾರ ರಾಬರಿ ಅನ್ನಬೇಕಾದರೆ ಕದಿಯುವಾಗ ಬಲಪ್ರಯೋಗವೋ ಬೆದರಿಕೆಯೋ ಇರಬೇಕು. ಖಾಲಿ ಮನೆಗೆ ನುಗ್ಗಿ ಕದ್ದರೆ ಅದು ಬರ್ಗ್ಲರಿ. ನಮ್ಮ ಹಳಬರ ಮಾತಲ್ಲಿ ಕನ್ನ. ನಾವೇನು ಕಮ್ಮಿಯಿಲ್ಲ. ಇಲ್ಲಿನ ಕಾನೂನಲ್ಲಿ ದರೋಡೆಗೆ ಐದು ಜನವಾದರೂ ಬೇಕು. ಮೀಟರ್ ಮೇಲೆ ಐವತ್ತು ಜಾಸ್ತಿ ಕೇಳಿದ ಒಬ್ಬ ಆಟೋದವನಿಗೇ ನಾವು 'ಹಗಲುದರೋಡೆ' ಅಂತ ಕೂಗ್ತೀವಿ. ಅದಕ್ಕೇ ರಾಬ್ ಅಂತ ಕೇಳಿದ ಕೂಡಲೇ ಟಿಕ್ ಹಾಕಲ್ಲ. ಆಗ ಮನೆಯಲ್ಲಿ ಯಾರಿದ್ದರು, ಯಾರಾದರೂ ಹೆದರಿಸಿದರಾ ಅಂತ ಕೇಳ್ತೀನಿ.

ಹೋದ ತಿಂಗಳು ಹೊಸ ಹುಡುಗನೊಬ್ಬನ ಕ್ಲೇಮುಗಳನ್ನು ನೋಡುತ್ತಿದ್ದೆ. ಒಂದು ಸೈಕಲ್. ಆಕಸ್ಮಿಕ ಹಾನಿ. ಅಳತೆ: ಅರ್ಧ ಇಂಚು. ಲಂಡನ್ನಿನ ಕಾಕ್ನಿ ಜನ ಪ್ರಾಸ ಕಟ್ಟಿ ಮಾತಾಡ್ತಾರೆ. ಪಿಂಚ್‌ಗೆ ಪ್ರಾಸ ಹಾಫ್ ಇಂಚ್. ಹಾಫ್ ಇಂಚ್ ಮಾಡಿದರು ಅಂದರೆ ಕದ್ದರು. ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ.

"ಬಾರಪ್ಪ, ರೆಕಾರ್ಡಿಂಗ್ ಕೇಳೋಣ. ಅದಕ್ಕೆ ಮುಂಚೆ ಒಂದು ಶೆಡ್ಡಿನ ಕಥೆ ಹೇಳ್ತೀನಿ."