ಖಣದ ಬ್ಲೌಸ್: ಕಂಕುಳ ಜಗಳ ಮುಗಿಯಿತು

ಒಂದೇ ಇಳಕಲ್ ಸೀರೆ, ಮೂರು ಸಂದರ್ಭ, ಮೂರು ಬ್ಲೌಸ್. ಈ ವರ್ಷದ ಪ್ರಾಜೆಕ್ಟ್ ಇದು. ಆಫೀಸಿಗೆ ಸಾದಾ ಕಾಟನ್, ಮೊಣಕೈವರೆಗೆ ತೋಳು. ರಾಜ್ಯೋತ್ಸವಕ್ಕೆ ಅರಿಶಿನ ಬಣ್ಣದ್ದು. ಸೆರಗು ಹೇಗೂ ಕೆಂಪು, ನವೆಂಬರ್ 1ಕ್ಕೆ ಇನ್ನೇನು ಬೇಕು? ಇವೆರಡೂ ಮುಗಿದಿವೆ. ತಲೆ ತಿಂದದ್ದು ನಾದಿನಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊಲಿದ ಗುಳೇದಗುಡ್ಡ ಖಣದ್ದು. ಖಣ ಅಂದರೆ ಅಂಚಿರುವ ರವಿಕೆ ಬಟ್ಟೆ.

ಖಣ ಬೇಡ ಅನ್ನುವ ಹಾಗಿಲ್ಲ. ಕುಬಸದ ಮನೆಯಲ್ಲಿ ಬೇರೆ ಬ್ಲೌಸ್ ಕಂಡರೆ ನಮ್ಮತ್ತೆ ಏನೂ ಅನ್ನುವುದಿಲ್ಲ, ಸುಮ್ನೆ ನೋಡುತ್ತಾರೆ. ಅದು ಇನ್ನೂ ಕಷ್ಟ.

ಮೊದಲು ಅಂಗಡಿಯವರ ವಿಷಯ. 'ಪಕ್ಕಾ ಕೈಮಗ್ಗ ರೀ' ಎಂದು ಕೊಟ್ಟ ಪೀಸಿನ ಒಂದು ಎಳೆ ಸುಟ್ಟು ನೋಡಿದೆ. ಕರಗಿ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್! ರೇಟು ಮಾತ್ರ ಪಕ್ಕಾ ಕೈಮಗ್ಗದ್ದೇ. ಕೊನೆಗೆ ಪರಿಚಯದ ನೇಕಾರರ ಮನೆಯಿಂದ ತರಿಸಿದೆ.

ಖಣದ ಪನ್ನ (ಅಗಲ) ಕಡಿಮೆ, ಎರಡೂ ಕಡೆ ಅಂಚು. ಅಂಚು ತೋಳಿನ ತುದಿಗೆ ಬರಬೇಕೆಂದರೆ ತೋಳನ್ನು ಅಡ್ಡಕ್ಕೇ ಇಟ್ಟು ಕತ್ತರಿಸಬೇಕು. ಬಟ್ಟೆಯನ್ನು ಓರೆಯಾಗಿಟ್ಟು ಕತ್ತರಿಸುವ ಕ್ರಾಸ್ ಕಟ್‌ಗೆ ಬಟ್ಟೆ ಸಾಲದು. ಸಾಲಿದರೂ ಹೂವಿನ ಸಾಲೆಲ್ಲ ಓರೆಯಾಗಿ, ಕುಡಿದು ನಿಂತ ಹಾಗೆ ಕಾಣುತ್ತದೆ. ಹಾಗಾಗಿ ನೇರ ಕಟ್, ಮೈಗೆ ಕೂರಲು ನಾಲ್ಕು ಡಾಟ್ (ಮಡಚಿ ಹಾಕುವ ಹೊಲಿಗೆ). ನಿಂತರೆ ಫಿಟ್ಟಿಂಗ್ ಚೆನ್ನಾಗಿತ್ತು. ಆರತಿ ಎತ್ತುವ ಹಾಗೆ ಕೈ ಎತ್ತಿದರೆ ಮಾತ್ರ ಇಡೀ ಬ್ಲೌಸ್ ಮೇಲೆ ಬರುತ್ತಿತ್ತು. ಕಂಕುಳ ಹೊಲಿಗೆಯ ಪಕ್ಕ ನೇಯ್ಗೆಯೇ ಬಾಯಿ ಬಿಡತೊಡಗಿತು. ಆಫೀಸಲ್ಲಿ ಕೈ ಕೀಬೋರ್ಡಿನ ಮೇಲಿರುತ್ತದೆ, ನಡೆಯುತ್ತದೆ. ಕುಬಸದಲ್ಲಿ ಆರತಿ ಎತ್ತಬೇಕು, ದಂಡೆ ಮುಡಿಸಬೇಕು, ಬಡಿಸಬೇಕು. ಕೈ ಕೆಳಗಿಳಿಯುವುದೇ ಇಲ್ಲ.

ಆರ್ಮ್‌ಹೋಲ್ ಆಳ ಮಾಡಿದೆ. ಇನ್ನೂ ಜಾಸ್ತಿ ಎಳೆಯಿತು. ತೋಳು ಅಗಲ ಮಾಡಿದೆ. ಕಂಕುಳಲ್ಲಿ ಮುದ್ದೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಹಳೆ ಕುಪ್ಪಸ ತಿರುವಿ ನೋಡಿದಾಗ ಉತ್ತರ ಅಲ್ಲೇ ಇತ್ತು: ಡಾಟ್ ಒಂದೂ ಇಲ್ಲ, ಮುಂದೆ ಗಂಟು, ಕಂಕುಳಲ್ಲಿ ಚೌಕದ ತುಂಡು. ಉಳಿದ ಖಣದಲ್ಲಿ 3 ಇಂಚಿನ ಚೌಕ ಕತ್ತರಿಸಿ, ಮೂಲೆ ತಿರುಗಿಸಿ ಕಂಕುಳಿಗೆ ಕೂರಿಸಿದೆ. ಓರೆ ಎಳೆ ಹಿಗ್ಗುತ್ತದಲ್ವಾ, ಕೈ ಸಲೀಸಾಗಿ ಮೇಲೆ ಹೋಯಿತು. ಬ್ಲೌಸ್ ಇದ್ದಲ್ಲೇ ಇತ್ತು! ಆ ನಾಲ್ಕು ಮೂಲೆಗೆ ಮಾತ್ರ ಮಿಷಿನ್ ನಂಬಬೇಡಿ. ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡೇ ಓಡಿಸಿ. ಲೈನಿಂಗಿಗೂ ಅದೇ ಚೌಕ ಬೇಕು, ಇಲ್ಲದಿದ್ದರೆ ಅದು ಹಿಡಿದೆಳೆಯುತ್ತದೆ.

ಮುಂದಿನದು ಸಂಕ್ರಾಂತಿಗೆ. ಕಪ್ಪು ಚಂದ್ರಕಾಳಿ ಬಟ್ಟೆಯ ಮೇಲೆ ಕಸೂತಿ, ಬರೀ ಗವಂತಿ ಮತ್ತು ಮುರಗಿ ಹೊಲಿಗೆ. ಗಂಟು ಹಾಕುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಕಪ್ಪು ಬಟ್ಟೆಯಲ್ಲಿ, ರಾತ್ರಿ ಟ್ಯೂಬ್‌ಲೈಟಲ್ಲಿ! ಒಳ್ಳೆ ಟೇಬಲ್ ಲ್ಯಾಂಪ್ ಯಾವುದು ಹೇಳಿ, ಪುಣ್ಯ ಕಟ್ಟಿಕೊಳ್ಳಿ.