ಸರಡಗಿಯಲ್ಲಿ ಹಾರದ ವಿಮಾನ

ಕಲಬುರಗಿಯಲ್ಲಿ ಕೋಟೆ ನೋಡಿದೆ, ಬಂದೇ ನವಾಜ್ ದರ್ಗಾಕ್ಕೆ ಹೋದೆ, ಶರಣಬಸವೇಶ್ವರರ ಗುಡಿಯಲ್ಲಿ ಕೈಮುಗಿದೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆಯಲ್ಲಿ ಉಳಿದದ್ದು ಊರಾಚೆ, ಶ್ರೀನಿವಾಸ ಸರಡಗಿ ಹತ್ತಿರದ ವಿಮಾನ ನಿಲ್ದಾಣದಲ್ಲಿ ಕಳೆದ ಒಂದು ಬೆಳಗ್ಗೆ. 2019ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ನಿಲ್ದಾಣ. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಪೈಲಟ್ ತರಬೇತಿಯೂ ಇಲ್ಲೇ ನಡೆಯುತ್ತದೆ. ಅಲ್ಲಿ ಕಲಿಯುತ್ತಿರುವ ಅಕ್ಕನ ಮಗಳು ನನಗೊಂದು ಪಾಸ್ ಮಾಡಿಸಿದ್ದಳು.

ನಾಲ್ಕು ಸೀಟಿನ ಸೆಸ್ನಾ 172. ಅವಳು ಚೆಕ್‌ಲಿಸ್ಟ್ ಹಿಡಿದು ಅದರ ಸುತ್ತ ಬಂದಳು. ರೆಕ್ಕೆಯ ಅಡಿಯಿಂದ ಪ್ಲಾಸ್ಟಿಕ್ ಕಪ್ಪಿಗೆ ಸ್ವಲ್ಪ ಪೆಟ್ರೋಲ್ ಇಳಿಸಿ ಬೆಳಕಿಗೆ ಹಿಡಿದಳು. ತಿಳಿ ನೀಲಿ. ತಳದಲ್ಲಿ ಸಾಸಿವೆಯಷ್ಟು ಒಂದು ಹನಿ ಮಾತ್ರ ಬಣ್ಣವಿಲ್ಲದೆ ಕೂತಿತ್ತು. ನೀರು!

"ಟ್ಯಾಂಕ್ ಅರ್ಧ ಖಾಲಿ ಇದ್ರ ರಾತ್ರಿ ಒಳಗ ಬೆವರ್ತದ್ರಿ," ಅಂದರು ಪಕ್ಕದಲ್ಲಿದ್ದ ಮೆಕ್ಯಾನಿಕ್. "ಇದು ಇಂಜಿನ್‌ಗೆ ಹೋದ್ರ ಮ್ಯಾಲೆ ಗಪ್ ಆಗ್ತದ."

ಹನಿ ಕಾಣದಾಗುವ ತನಕ ಮತ್ತೆ ಮತ್ತೆ ಇಳಿಸಿದರು. ನೀಲಿ ಬಣ್ಣ ಬೆರೆಸುವುದೂ ಸುಮ್ನೆ ಅಲ್ಲ. ತಪ್ಪು ಇಂಧನ ತುಂಬಿಸಿದರೆ ಕಣ್ಣಿಗೇ ಗೊತ್ತಾಗಬೇಕು.

ಇಷ್ಟೆಲ್ಲ ಆದಮೇಲೆ ತರಬೇತುದಾರರು ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ನೋಡಿ, "ಇವತ್ತು ಬೇಡ" ಅಂದರು.

"ಯಾಕೆ ಸರ್?"

"ಗಾಳಿ ರನ್‌ವೇಗೆ ಅಡ್ಡ ಇದೆ. ಈ ವಿಮಾನ 15 ನಾಟ್ ಅಡ್ಡಗಾಳಿಯಲ್ಲಿ ಇಳಿದು ತೋರಿಸಿದೆ, ಗಂಟೆಗೆ 28 ಕಿಲೋಮೀಟರ್ ಹತ್ತಿರ. ಅದು ವಿಮಾನ ತಯಾರಿಸಿದ ಕಂಪನಿಯ ಪಳಗಿದ ಪೈಲಟ್ ಲೆಕ್ಕ. ಕಲಿಯೋರ ಲೆಕ್ಕ ಬೇರೆ."

"ನೋಡೋಣ ಅಂತ ಅಷ್ಟು ದೂರದಿಂದ ಬಂದಿದ್ದೆ."

ಅವರು ನಕ್ಕರು. "ಅಪಾಯ ಶುರುವಾಗೋದೇ ಅಲ್ಲಿಂದ. ಮನೆಯವರು ಬಂದಿದ್ದಾರೆ, ಮದುವೆಗೆ ಹೊತ್ತಾಯ್ತು ಅಂತ ಹಾರಿಬಿಡ್ತಾರೆ. ದೊಡ್ಡ ವಿಮಾನದಲ್ಲಿ ಬೇಡ ಅನ್ನೋಕೆ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರ್ತಾನೆ. ಇಂಥದ್ರಲ್ಲಿ ಎಷ್ಟೋ ಸಲ ಒಬ್ಬನೇ."

"ಹಾಗಾದ್ರೆ ಪ್ಯಾಸೆಂಜರ್ ಏನ್ ಮಾಡಬೇಕು?"

"ಮೊದಲು, ಅವಸರ ಮಾಡಬಾರದು. ಆಮೇಲೆ ಹೇಳ್ತೀನಿ, ಹತ್ತಿ."

ನಿಂತ ವಿಮಾನದಲ್ಲೇ ಕೂರಿಸಿದರು. ಸೊಂಟದ ಬೆಲ್ಟ್ ಸಾಲದು, ಭುಜದ್ದೂ ಬೇಕು. ಏರುವಾಗ, ಇಳಿಯುವಾಗ ಹರಟೆ ಬೇಡ. ಆದರೆ ಬೇರೆ ವಿಮಾನ ಕಂಡರೆ ಕೂಡಲೇ ಬೆರಳು ತೋರಿಸಿ ಹೇಳಬೇಕು. ಹೊಲದಲ್ಲಿ ಇಳಿಯಬೇಕಾಗಿ ಬಂದರೆ, ನೆಲ ಮುಟ್ಟುವ ಮೊದಲೇ ಬಾಗಿಲಿನ ಚಿಲಕ ತೆಗೆದಿಡಬೇಕು. ಯಾಕೆಂದರೆ ಏಟಿಗೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ಚಿಲಕ ಎಲ್ಲಿದೆ ಅಂತ ನನ್ನ ಕೈಯಿಂದಲೇ ಮುಟ್ಟಿಸಿದರು. ದೊಡ್ಡ ವಿಮಾನಗಳಲ್ಲಿ ಗಿಣಿಪಾಠದ ಹಾಗೆ ಒಪ್ಪಿಸುವ ಸುರಕ್ಷತೆಯ ಮಾತನ್ನು ಯಾರು ತಾನೇ ಕೇಳ್ತಾರೆ? ಇದು ಮಾತ್ರ ಕೈಗೇ ನೆನಪಿದೆ.

ಅಲ್ಲಿಗೆ ಹೋಗುವವರು ವಾಪಸ್ ಬರುವ ಗಾಡಿಯನ್ನೂ ಮೊದಲೇ ಮಾತಾಡಿಕೊಳ್ಳಿ. "ಫೋನ್ ಹಚ್ರಿ, ಬರ್ತೀನಿ" ಅಂದಿದ್ದ ಆಟೋದವನು ಫೋನೇ ಎತ್ತಲಿಲ್ಲ. ಮೇ ತಿಂಗಳ ಕಲಬುರಗಿ ಬಿಸಿಲು, ನಾವಿಬ್ಬರೂ ರಸ್ತೆ ಬದಿಯಲ್ಲಿ. ಅವನ ಮೇಲೆ ಇನ್ನೂ ಸಿಟ್ಟಿದೆ.

ಅವಳ ಸಿಟ್ಟು ಗಾಳಿ ಮೇಲೆ. "ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು ಮಾಮಾ, ಇವತ್ತಿನದು ಸೊನ್ನೆ." ಊರೊಳಗೆ ಬಂದು ಮಾಲಪುರಿ ಕೊಡಿಸಿದೆ. ನನಗೆ ಸಿಹಿ ಜಾಸ್ತಿ ಅನ್ನಿಸಿತು. ನನ್ನದನ್ನೂ ಅವಳೇ ತಿಂದಳು.