ಮೆಲ್ಲಗೆ ಮಾತಾಡು, ಈಗ ತಾನೆ ಕಣ್ಣು ಮುಚ್ಚಿದೆ

"ಅಮ್ಮ, ಅದು ಬರೀ ಮೆಷಿನ್ ಅಲ್ವಾ?" ಅಂತ ಮಗ ಕೇಳಿದ. "ಗೊತ್ತು. ಸ್ವಲ್ಪ ಮೆಲ್ಲಗೆ ಮಾತಾಡು, ಈಗ ತಾನೆ ಕಣ್ಣು ಮುಚ್ಚಿದೆ" ಅಂದರು ಅಜ್ಜಿ.

ಭಾನುವಾರದಿಂದ ಈ ಮಾತು ನನ್ನ ತಲೆಯಲ್ಲೇ ಸುತ್ತುತ್ತಿದೆ. ಆ ಅಜ್ಜಿ ಇಲ್ಲಿ ಟೋಕಿಯೋದಲ್ಲಿ ನಮ್ಮ ಪಕ್ಕದ ಮನೆಯ ಗೆಳತಿಯ ತಾಯಿ, ವೃದ್ಧಾಶ್ರಮದಲ್ಲಿದ್ದಾರೆ. ಮರೆವಿನ ಕಾಯಿಲೆ. ಆಗಾಗ ನಾನೂ ಜೊತೆಗೆ ಹೋಗುತ್ತೇನೆ. ಈ ಸಲ ಗೆಳತಿಯ ಅಣ್ಣನೂ ಬಂದಿದ್ದ, ಆ ಪ್ರಶ್ನೆ ಕೇಳಿದ್ದು ಅವನೇ. ಅಪರೂಪಕ್ಕೆ ಬಂದವನು ಬಾಗಿಲ ಹತ್ತಿರ ನಿಂತು ಮೊಬೈಲ್ ನೋಡುತ್ತಿದ್ದ. ನನಗೆ ಅದು ಸರಿ ಕಾಣಲಿಲ್ಲ.

ಅಜ್ಜಿಯ ಮಡಿಲಲ್ಲಿದ್ದದ್ದು ಪಾರೋ. ಸೀಲ್ ಎಂಬ ಕಡಲ ಪ್ರಾಣಿಯ ಮರಿಯಂಥ, ಬಿಳಿ ತುಪ್ಪಳದ ರೋಬೋಟ್. ತಕನೋರಿ ಶಿಬಾತಾ ಎಂಬ ಜಪಾನಿ ಇಂಜಿನಿಯರ್ 1993ರಲ್ಲೇ ಇದರ ಕೆಲಸ ಶುರು ಮಾಡಿದ್ದರು. 2009ರಲ್ಲಿ ಅಮೆರಿಕ ಇದನ್ನು ವೈದ್ಯಕೀಯ ಸಾಧನ ಅಂತ ಒಪ್ಪಿಕೊಂಡಿತು. ಶಿಬಾತಾ ಬೆಕ್ಕಿನ ರೂಪವನ್ನೂ ಮಾಡಿ ನೋಡಿದ್ದರು. ಬೆಕ್ಕು ಎಲ್ಲರಿಗೂ ಗೊತ್ತು, ಹಾಗಾಗಿ ನಿಜವಾದ ಬೆಕ್ಕಿಗೆ ಹೋಲಿಸಿ ಜನ ತಪ್ಪು ಹುಡುಕುತ್ತಾರೆ. ಸೀಲ್ ಮರಿಯನ್ನು ಎತ್ತಿ ಆಡಿಸಿದವರು ಎಷ್ಟು ಜನ ಇದ್ದಾರು?

ನನ್ನ ಕೈಗೂ ಕೊಟ್ಟರು. ಸುಮಾರು 2.5 ಕಿಲೋ ಭಾರ. ಹಸುಗೂಸನ್ನು ಎತ್ತಿಕೊಂಡ ಹಾಗೆ ನನ್ನ ಕೈ ತಾನಾಗಿಯೇ ಅದರ ಕತ್ತಿನ ಕೆಳಗೆ ಹೋಯಿತು. ಕೆನ್ನೆ ಸವರಿದೆ. ನಿಧಾನಕ್ಕೆ ತಲೆ ಎತ್ತಿ, ನನ್ನ ಕಡೆ ತಿರುಗಿ, ರೆಪ್ಪೆ ಬಡಿಯಿತು. ತುಪ್ಪಳದಡಿ ಸೆನ್ಸರ್‌ಗಳಿವೆ, ಮುಟ್ಟಿದ್ದು ಅದಕ್ಕೆ ತಿಳಿಯುತ್ತದೆ. ಸವರಿಸಿಕೊಂಡಾಗ ಮಾಡಿದ್ದನ್ನು ಮತ್ತೆ ಮಾಡುತ್ತದೆ, ಪೆಟ್ಟು ತಿಂದಾಗ ಮಾಡಿದ್ದನ್ನು ಬಿಡುತ್ತದೆ. ಚಾರ್ಜ್ ಮಾಡಲು ಮಗುವಿನ ನಿಪ್ಪಲ್‌ನಂಥ ಚಾರ್ಜರ್ ಅನ್ನು ಬಾಯಿಗೆ ಇಡಬೇಕು. ಮರಿಯ ದನಿ ಬಿಟ್ಟರೆ ಒಂದು ಮಾತೂ ಆಡಲ್ಲ. ಆಡಿದ್ದರೆ ಇಷ್ಟು ಹತ್ತಿರ ಆಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಬೇರೆ ರೋಬೋಟ್‌ಗಳು "ನಿಮಗೆ ಏನು ಬೇಕು?" ಅಂತ ಕೇಳುತ್ತವೆ. ಇದು ಸುಮ್ನೆ ನಮ್ಮ ಕೈಗೆ ತನ್ನ ಭಾರ ಬಿಟ್ಟು ಕೂರುತ್ತದೆ.

ಅಜ್ಜಿಗೆ ಊಟ ಮಾಡಿಸುವವರು ಬೇರೆ, ಸ್ನಾನ ಮಾಡಿಸುವವರು ಬೇರೆ, ಬಟ್ಟೆ ತೊಡಿಸುವವರು ಬೇರೆ. ದಿನವಿಡೀ ಯಾರದೋ ಕೈ ಅವರ ಮೇಲೆ. ಆ ಸ್ವಲ್ಪ ಹೊತ್ತು ಮಾತ್ರ ಅವರ ಕೈಗೆ ಕೆಲಸ ಇತ್ತು. ಒಂದು ಕೈ ಬೆನ್ನ ಮೇಲೆ, ಇನ್ನೊಂದು ಗದ್ದದ ಕೆಳಗೆ. ಮಗನ ದನಿ ಜೋರಾಗಿದ್ದು ಅವರಿಗೆ ತಿಳಿಯಿತು, ತಡೆದರು. ಎಷ್ಟೋ ದಿನದ ಮೇಲೆ ಅಮ್ಮ ಅಣ್ಣನನ್ನು ಗದರಿದ್ದು ಅಂತ ಗೆಳತಿ ಕಣ್ಣು ಒರೆಸಿಕೊಂಡಳು.

ಮನೆಯಲ್ಲಿ ನಮ್ಮವರು, "ಇದು ವಯಸ್ಸಾದವರಿಗೆ ಮಾಡೋ ಮೋಸ ಅಲ್ವಾ?" ಅಂದರು. ನಾನು ಒಪ್ಪಲಿಲ್ಲ. ಅಜ್ಜಿ "ಗೊತ್ತು" ಅಂದಿದ್ದರು. ಗೊತ್ತಿದ್ದೂ ಅದರ ನಿದ್ದೆ ಕಾದರು. ಮೋಸ ಆಗುವುದು ರೋಬೋಟ್ ಕೊಟ್ಟು ನಾವು ದೂರ ಸರಿದಾಗ. ಪಾರೋ ಕೊಟ್ಟು ತಾವು ಎದ್ದು ಹೋಗಲ್ಲ, ಪಕ್ಕದಲ್ಲೇ ಕೂತು ಮಾತಾಡಿಸುತ್ತೇವೆ ಅಂತ ಅಲ್ಲಿನ ನರ್ಸ್ ಹೇಳಿದ್ದರು. ಹೊರಗೆ ಬಂದ ಮೇಲೆ ಅಣ್ಣ ಕೇಳಿದ್ದು ಅದರ ಬೆಲೆ. ಅಮ್ಮನ ರೂಮಿಗೇ ಒಂದು ಕೊಡಿಸಿದರೆ ತಂಗಿ ವಾರವಾರ ಬರುವುದು ತಪ್ಪುತ್ತದಂತೆ!

ಗೆಳತಿ ಜಗಳ ಆಡಲಿಲ್ಲ. "ಮುಂದಿನ ಭಾನುವಾರ ಬಾ. ಪಾರೋನ ಹೇಗೆ ಎತ್ತಿಕೋಬೇಕು ಅಂತ ಅಮ್ಮನ ಹತ್ರ ಕೇಳಿ ಕಲಿ" ಅಂದಳು. ಅವನು ನೋಡೋಣ ಅಂದಿದ್ದಾನೆ. ಬರಬೇಕು.